ಒಂದೇ ಚಿಟ್ಟೆ, ಅರವತ್ತು ಚಿತ್ರ

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಬೆಳುವಾಯಿ ಎಂಬ ಊರಿದೆ. ಅಲ್ಲಿ ಸಮ್ಮಿಲನ್ ಶೆಟ್ಟಿಯವರು ಏಳು ಎಕರೆಗೂ ಮಿಕ್ಕ ಜಾಗದಲ್ಲಿ ಬೆಳೆಸಿರುವ ಚಿಟ್ಟೆ ಉದ್ಯಾನದ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ಗಾಜಿನ ಮನೆಯಾಗಲೀ ಬಲೆಯ ಹೊದಿಕೆಯಾಗಲೀ ಇಲ್ಲದ ಉದ್ಯಾನ ಅದು. ಚಿಟ್ಟೆಗಳು ಮೊಟ್ಟೆಯಿಡುವ ಗಿಡಬಳ್ಳಿಗಳನ್ನೂ ಮಕರಂದ ಹೀರುವ ಹೂಗಿಡಗಳನ್ನೂ ಬೆಳೆಸಿದರೆ ಚಿಟ್ಟೆಗಳು ತಾವಾಗಿಯೇ ಬರುತ್ತವೆ ಎಂಬುದು ಅದರ ಹಿಂದಿರುವ ವಿಚಾರ. ಈ ಉದ್ಯಾನವನ್ನು ನೋಡಿ ಬಂದ ಉತ್ಸಾಹದಲ್ಲಿ ಆ ಊರಿನಲ್ಲಿಯೇ ಇರುವ ನನ್ನ ಅಕ್ಕನ ಮಗ ತಮ್ಮ ಹಿತ್ತಿಲಿನಲ್ಲಿಯೂ ನಾಲ್ಕಾರು ಗಿಡಗಳನ್ನು ನೆಟ್ಟ. ಅವನು ಪದವಿ ತರಗತಿಯ ಎರಡನೆಯ ವರ್ಷದ ವಿದ್ಯಾರ್ಥಿ. ಮುಂದಿನ ಮಳೆಗಾಲ ಕಳೆಯುವ ಹೊತ್ತಿಗೆ ರಥಪುಷ್ಪ ಮೈತುಂಬ ಹೂ ಬಿಟ್ಟಿತು. ಬ್ಲೂ ಮಾರ್ಮನ್ ಎಂಬ ದೊಡ್ಡ ನೀಲಿ ಚಿಟ್ಟೆ ಬಂದು ಹೂವಿನಿಂದ ಹೂವಿಗೆ ಹಾರಾಡಿತು. ಹುಡುಗ ಸಾಲವಾಗಿ ತಂದ ಕ್ಯಾಮೆರಾದಿಂದ ನಲವತ್ತು ನಿಮಿಷಗಳಲ್ಲಿ ನಾನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದ. ಅವುಗಳಲ್ಲಿ ಅರವತ್ತನ್ನು ಆರಿಸಿ, ಛಾಯಾಚಿತ್ರಗಳನ್ನು ಮಾರಾಟಕ್ಕಿಡುವ ಒಂದು ಅಂತರಜಾಲ ಭಂಡಾರಕ್ಕೆ ಕಳುಹಿಸಿದ.

ಕೆಲವು ದಿನಗಳ ಅನಂತರ ನನಗೆ ಅವನ ದೂರವಾಣಿ ಕರೆ ಬಂತು. “ಮಾವ, ಅರವತ್ತು ಕಳಿಸಿದ್ದೆ. ಐವತ್ತಾರು ವಾಪಸು ಬಂದಿದೆ. ಎಲ್ಲದಕ್ಕೂ ಒಂದೇ ಕಾರಣ ಬರೆದಿದ್ದಾರೆ. ಫೋಟೊ ಚಂದ ಇಲ್ವಾ?”

ಚಿತ್ರಗಳನ್ನು ತರಿಸಿ ನೋಡಿದೆ. ಚೆನ್ನಾಗಿಯೇ ಇದ್ದವು. ರೆಕ್ಕೆಯ ಮೇಲಿನ ತಿಳಿನೀಲಿ ಪಟ್ಟೆ, ಕಪ್ಪು ಚುಕ್ಕೆ, ಹೂವಿನ ಕೇಸರಗಳು, ಎಲ್ಲವೂ ಸ್ಪಷ್ಟವಾಗಿದ್ದವು. ಹೂವಿನ ಮುಂದೆಯೂ ಒಂದು ಕ್ಷಣ ನಿಲ್ಲದೆ ರೆಕ್ಕೆ ಬಡಿಯುತ್ತಲೇ ಇರುವ ಬ್ಲೂ ಮಾರ್ಮನ್ನನ್ನು ಹಾಗೆ ಹಿಡಿಯುವುದು ಸುಲಭವಲ್ಲ. ಆದರೆ ಮೂರನೆಯ ಚಿತ್ರದಿಂದ ಮೂವತ್ತನೆಯ ಚಿತ್ರದವರೆಗೆ ನೋಡುತ್ತ ಹೋದಾಗ ನನ್ನ ಕಣ್ಣಿಗೆ ಬಿದ್ದ ವ್ಯತ್ಯಾಸ ಇಷ್ಟೇ: ಒಂದರಲ್ಲಿ ರೆಕ್ಕೆ ಸ್ವಲ್ಪ ಮೇಲೆ, ಇನ್ನೊಂದರಲ್ಲಿ ಸ್ವಲ್ಪ ಕೆಳಗೆ. ತಿರಸ್ಕಾರದ ಕಾರಣವೂ ಅದೇ ಆಗಿತ್ತು. ಒಂದನ್ನೊಂದು ಹೋಲುವ ಚಿತ್ರಗಳು.

ಛಾಯಾಚಿತ್ರಗಳನ್ನು ಮಾರಿ ಕೈಖರ್ಚಿಗೆ ನಾಲ್ಕು ಕಾಸು ಗಳಿಸಬಹುದೆಂದು ಹೊರಡುವ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಎಡವುವುದು ಈ ಮೆಟ್ಟಿಲಿನಲ್ಲಿಯೇ. ಚಿತ್ರ ಮಸುಕಾಗಿದ್ದರೆ ಕಣ್ಣಿಗೇ ಕಾಣುತ್ತದೆ. ಬೆಳಕು ಕಡಿಮೆಯಾಗಿದ್ದರೆ ಮುಂದಿನ ಸಲ ಸರಿಪಡಿಸಿಕೊಳ್ಳಬಹುದು. ಒಂದೊಂದೂ ಚೆನ್ನಾಗಿರುವಾಗ ಒಟ್ಟಿಗೆ ತಿರಸ್ಕೃತವಾದರೆ ತಪ್ಪು ಎಲ್ಲಿದೆ ಎಂಬುದೇ ಹೊಳೆಯುವುದಿಲ್ಲ. ಅನೇಕರು ಬೇಸತ್ತು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಅದೇ ಚಿತ್ರಗಳನ್ನು ಅಲ್ಪಸ್ವಲ್ಪ ಬದಲಿಸಿ ಮತ್ತೆ ಮತ್ತೆ ಕಳುಹಿಸುತ್ತಾರೆ. ಇದು ಮೊದಲಿನದಕ್ಕಿಂತ ಕೆಟ್ಟದ್ದು, ಏಕೆಂದರೆ ಪದೇಪದೇ ಹೀಗೆ ಮಾಡುವವರ ಖಾತೆಯನ್ನೇ ತಡೆಹಿಡಿಯಲು ಭಂಡಾರಗಳ ನಿಯಮಗಳಲ್ಲಿ ಅವಕಾಶವಿದೆ.

ಈ ಭಂಡಾರಗಳು ಏನು ಮಾಡುತ್ತವೆ ಎಂಬುದನ್ನು ಮೊದಲು ತಿಳಿಯೋಣ. ಪತ್ರಿಕೆಯೊಂದಕ್ಕೆ ಜೀವವೈವಿಧ್ಯದ ಲೇಖನದ ಜೊತೆ ಹಾಕಲು ಒಂದು ಚಿಟ್ಟೆಯ ಚಿತ್ರ ಬೇಕು. ಛಾಯಾಗ್ರಾಹಕನನ್ನು ಕಾಡಿಗೆ ಕಳುಹಿಸಲು ಸಮಯವಿಲ್ಲ, ಹಣವೂ ಇಲ್ಲ. ಆಗ ಯಾರೋ ಎಂದೋ ತೆಗೆದಿಟ್ಟಿರುವ ಚಿತ್ರವನ್ನು ಬಳಸುವ ಹಕ್ಕನ್ನು ಹಣ ಕೊಟ್ಟು ಪಡೆಯುತ್ತಾರೆ. ಹೀಗೆ ಮುಂಚಿತವಾಗಿ ತೆಗೆದು ಸಿದ್ಧವಾಗಿಟ್ಟ ಚಿತ್ರಗಳ ದಾಸ್ತಾನಿಗೆ ಸ್ಟಾಕ್ ಎಂದು ಹೆಸರು. ಅಂತರಜಾಲಕ್ಕಿಂತ ಹಳೆಯದಾದ ಉದ್ಯಮ ಇದು. ಅಮೆರಿಕದಲ್ಲಿ 1920ರ ದಶಕದಲ್ಲಿಯೇ ಇಂಥ ಸಂಸ್ಥೆಗಳಿದ್ದವು. ಚಿತ್ರಗಳು ಆಗ ಕಬ್ಬಿಣದ ಕಪಾಟುಗಳಲ್ಲಿರುತ್ತಿದ್ದವು. ಹೆಸರಾಂತ ವೃತ್ತಿನಿರತರಿಗೆ ಮಾತ್ರ ಅಲ್ಲಿ ಪ್ರವೇಶವಿತ್ತು. ಗೆಟ್ಟಿ ಸಂಸ್ಥೆ ಆರಂಭವಾದದ್ದು 1995ರಲ್ಲಿ. 2000ದಲ್ಲಿ ಐಸ್ಟಾಕ್‌ಫೋಟೊ, 2003ರಲ್ಲಿ ಶಟರ್‌ಸ್ಟಾಕ್ ಬಂದ ಮೇಲೆ ಹವ್ಯಾಸಿಗಳಿಗೂ ಬಾಗಿಲು ತೆರೆಯಿತು. ಶಟರ್‌ಸ್ಟಾಕ್‌ನ ಸ್ಥಾಪಕ ಜಾನ್ ಓರಿಂಜರ್ ತಾವೇ ತೆಗೆದ ಸುಮಾರು 30,000 ಚಿತ್ರಗಳನ್ನು ಬಂಡವಾಳವಾಗಿಟ್ಟುಕೊಂಡು ಅಂಗಡಿ ತೆರೆದವರು. ಈಗ ದೊಡ್ಡ ಭಂಡಾರಗಳಲ್ಲಿರುವ ಚಿತ್ರಗಳ ಸಂಖ್ಯೆಯನ್ನು ಕೋಟಿಗಳಲ್ಲಿ ಹೇಳಬೇಕು.

ಬಾಗಿಲು ತೆರೆದದ್ದು ಒಳ್ಳೆಯದೇ. ಅದೇ ಕಾಲಕ್ಕೆ ಕ್ಯಾಮೆರಾವೂ ಬದಲಾಯಿತು. ನನ್ನ ಕಾಲೇಜು ದಿನಗಳಲ್ಲಿ ಒಂದು ಫಿಲ್ಮ್ ರೋಲಿನಲ್ಲಿ ಮೂವತ್ತಾರು ಚಿತ್ರ. ರೋಲಿಗೆ ಹಣ, ತೊಳೆಸಲು ಹಣ, ಮುದ್ರಿಸಲು ಹಣ. ಗುಂಡಿ ಒತ್ತುವ ಮುನ್ನ ಬೆರಳೇ ಯೋಚಿಸುತ್ತಿತ್ತು. ಇಂದಿನ ಕ್ಯಾಮೆರಾಗಳಲ್ಲಿ ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವುದು ಸಾಮಾನ್ಯ ಸಂಗತಿ. ಅಂದರೆ ನಮ್ಮ ಒಂದು ರೋಲು ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತದೆ. ಹಾರುವ ಚಿಟ್ಟೆಯನ್ನು ಹಿಡಿಯಲು ಈ ವೇಗ ಬೇಕೇ ಬೇಕು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಆ ನಲವತ್ತು ಚಿತ್ರಗಳು ನಲವತ್ತು ಪ್ರಯತ್ನಗಳು. ಅವುಗಳ ಫಲ ಒಂದೇ ಚಿತ್ರ.

ಭಂಡಾರದವರು ಹೋಲುವ ಚಿತ್ರಗಳನ್ನು ಏಕೆ ಬೇಡವೆನ್ನುತ್ತಾರೆ? ಕೊಳ್ಳುವವನ ಕುರ್ಚಿಯಲ್ಲಿ ಕುಳಿತು ನೋಡಿ. ಅವನು ‘ನೀಲಿ ಚಿಟ್ಟೆ’ ಎಂದು ಹುಡುಕುತ್ತಾನೆ. ಪರದೆಯ ಮೇಲೆ ಅರವತ್ತು ಸಣ್ಣ ಚಿತ್ರಗಳು ಬರುತ್ತವೆ. ಅರವತ್ತೂ ನನ್ನ ಸೋದರಳಿಯನವೇ ಆದರೆ ಆ ಪುಟದಲ್ಲಿ ನಿಜವಾಗಿ ಒಂದೇ ಚಿತ್ರವಿದೆ. ಕೊಳ್ಳುವವನು ಬೇಸತ್ತು ಬೇರೆ ಅಂಗಡಿಗೆ ಹೋಗುತ್ತಾನೆ. ಇದರಿಂದ ಚಿತ್ರ ತೆಗೆದವನಿಗೂ ನಷ್ಟವಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ಬೇಡಿಕೆಯಿರುವ ಚಿತ್ರವನ್ನು ಹುಡುಕಾಟದಲ್ಲಿ ಮುಂದಕ್ಕೆ ತರುವುದು ಇಂಥ ಭಂಡಾರಗಳ ಸಾಮಾನ್ಯ ಪದ್ಧತಿ. ಒಂದೇ ಚಿತ್ರವಿದ್ದು ಅದನ್ನು ಹತ್ತು ಮಂದಿ ಕೊಂಡರೆ ಅದಕ್ಕೆ ಹತ್ತರ ಬಲ ಬರುತ್ತದೆ. ಹತ್ತು ಅವಳಿಗಳಿದ್ದು ಒಬ್ಬೊಬ್ಬರು ಒಂದೊಂದನ್ನು ಕೊಂಡರೆ ಯಾವುದಕ್ಕೂ ಬಲವಿಲ್ಲ. ನಮ್ಮ ಚಿತ್ರಕ್ಕೆ ನಮ್ಮದೇ ಚಿತ್ರ ಪ್ರತಿಸ್ಪರ್ಧಿಯಾಗುತ್ತದೆ.

ಇನ್ನು, ಅಷ್ಟೊಂದು ಚಿತ್ರಗಳ ನಡುವೆ ಎರಡು ಒಂದೇ ರೀತಿ ಇವೆ ಎಂದು ಗಣಕಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ? ವಿಜ್ಞಾನ ಓದುವ ನಿಮಗೆ ಇದು ಇಷ್ಟವಾಗಬಹುದು. ಇದಕ್ಕೆ ಹಲವು ಲೆಕ್ಕಗಳಿವೆ, ಸರಳವಾದದ್ದೊಂದನ್ನು ಹೇಳುತ್ತೇನೆ. ಮೊದಲು ಚಿತ್ರವನ್ನು ಬಣ್ಣ ತೆಗೆದು ಕಪ್ಪು-ಬಿಳುಪು ಮಾಡುತ್ತಾರೆ. ಅನಂತರ ಅಡ್ಡಕ್ಕೆ ಒಂಬತ್ತು, ಉದ್ದಕ್ಕೆ ಎಂಟು ಚೌಕಗಳಷ್ಟೇ ಉಳಿಯುವಂತೆ ಕುಗ್ಗಿಸುತ್ತಾರೆ. ಎರಡು ಕೋಟಿ ಬಿಂದುಗಳಿದ್ದ ಚಿತ್ರದಲ್ಲಿ ಈಗ ಇರುವುದು ಎಪ್ಪತ್ತೆರಡು ಚೌಕ ಮಾತ್ರ. ಚಿಟ್ಟೆಯ ಮೀಸೆ, ಹೂವಿನ ಕೇಸರ ಯಾವುದೂ ಉಳಿಯದೆ ಎಲ್ಲಿ ಬೆಳಕು, ಎಲ್ಲಿ ಕತ್ತಲು ಎಂಬ ಸ್ಥೂಲ ರೂಪ ಮಾತ್ರ ಉಳಿಯುತ್ತದೆ. ಈಗ ಪ್ರತಿ ಸಾಲಿನಲ್ಲಿಯೂ ಅಕ್ಕಪಕ್ಕದ ಚೌಕಗಳನ್ನು ಹೋಲಿಸಿ, ಎಡಗಡೆಯದು ಹೆಚ್ಚು ಬೆಳಕಾಗಿದ್ದರೆ 1, ಇಲ್ಲವಾದರೆ 0 ಎಂದು ಬರೆಯುತ್ತಾರೆ. ಒಂದು ಸಾಲಿಗೆ ಎಂಟು ಅಂಕೆ. ಎಂಟು ಸಾಲಿಗೆ ಅರವತ್ತನಾಲ್ಕು. ಇದು ಆ ಚಿತ್ರದ ಬೆರಳಚ್ಚು ಇದ್ದಂತೆ. ಎರಡು ಚಿತ್ರಗಳ ಬೆರಳಚ್ಚುಗಳನ್ನು ಒಂದರ ಕೆಳಗೊಂದು ಇಟ್ಟು, ಎಷ್ಟು ಸ್ಥಾನಗಳಲ್ಲಿ ಅಂಕೆ ಬೇರೆಯಾಗಿದೆ ಎಂದು ಎಣಿಸಿದರೆ ಮುಗಿಯಿತು. ಮೂರೋ ನಾಲ್ಕೋ ಕಡೆ ಮಾತ್ರ ವ್ಯತ್ಯಾಸವಿದ್ದರೆ ಅವು ಅವಳಿ ಚಿತ್ರಗಳು. ಮೂವತ್ತರ ಸಮೀಪ ಬಂದರೆ ಸಂಬಂಧವಿಲ್ಲದವು. ಗ್ರಾಫ್ ಹಾಳೆ ಮತ್ತು ಪೆನ್ಸಿಲು ಇದ್ದರೆ ನೀವೇ ಮಾಡಿ ನೋಡಬಹುದು.

ಈ ಲೆಕ್ಕ ಅರ್ಥವಾದರೆ, ಸಾಮಾನ್ಯವಾಗಿ ಹೂಡುವ ಉಪಾಯಗಳು ಏಕೆ ಫಲಿಸುವುದಿಲ್ಲ ಎಂಬುದೂ ಅರ್ಥವಾಗುತ್ತದೆ. ಬಣ್ಣದ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ಕಳುಹಿಸಿದಿರಿ. ಯಂತ್ರ ಮೊದಲು ಮಾಡುವುದೇ ಅದನ್ನು. ಬೆಳಕು ಹೆಚ್ಚಿಸಿದಿರಿ, ಎಲ್ಲ ಚೌಕಗಳೂ ಸರಿಸುಮಾರು ಒಟ್ಟಿಗೇ ಬೆಳಗುವುದರಿಂದ ಯಾವುದು ಯಾವುದಕ್ಕಿಂತ ಬೆಳಕು ಎಂಬ ಸಂಬಂಧ ಹಾಗೆಯೇ ಉಳಿಯುತ್ತದೆ. ಅಂಚಿನಲ್ಲಿ ಒಂದಿಷ್ಟು ಕತ್ತರಿಸಿದಿರಿ. ಎಪ್ಪತ್ತೆರಡು ಚೌಕಗಳಲ್ಲಿ ಅದು ಗಮನಕ್ಕೂ ಬರುವುದಿಲ್ಲ. ಎಡಬಲ ತಿರುಗಿಸಿದರೆ ಈ ಸರಳ ಲೆಕ್ಕ ಮೋಸಹೋಗುತ್ತದೆ, ನಿಜ. ಆದರೆ ತಿರುಗಿಸಿದ ಪ್ರತಿಗೂ ಇನ್ನೊಂದು ಬೆರಳಚ್ಚು ತೆಗೆದು ಹೋಲಿಸುವುದು ಯಂತ್ರಕ್ಕೆ ಕ್ಷಣದ ಕೆಲಸ. ಇದಕ್ಕಿಂತ ಜಾಣತನದ, ‘ಇದು ಚಿಟ್ಟೆ, ಇದು ಹೂವು’ ಎಂದು ಗುರುತಿಸಿ ಹೋಲಿಸುವ ಕೃತಕ ಬುದ್ಧಿಮತ್ತೆಯ ಲೆಕ್ಕಗಳೂ ಈಗ ಬಂದಿವೆ. ಒಟ್ಟಿನಲ್ಲಿ ಯಂತ್ರವನ್ನು ಮೋಸಗೊಳಿಸುವ ವಿದ್ಯೆಗೆ ವ್ಯಯಿಸುವ ಹೊತ್ತಿನಲ್ಲಿ ಇನ್ನೊಂದು ಚಿತ್ರವನ್ನೇ ತೆಗೆಯಬಹುದು.

ಹಾಗಾದರೆ ಎರಡು ಚಿತ್ರಗಳು ಬೇರೆ ಬೇರೆ ಎನ್ನುವುದು ಯಾವಾಗ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ನನ್ನ ವೃತ್ತಿಯಲ್ಲಿ, ಅದೂ ಅವಮಾನದ ಮೂಲಕ. ನಿರ್ಮಾಪಕನಾಗಿ ಹೊಸತರಲ್ಲಿ ಕಾರ್ಕಳದ ಗೊಮ್ಮಟನ ಬಗ್ಗೆ ಒಂದು ಸಣ್ಣ ಕಾರ್ಯಕ್ರಮ ಮಾಡಬೇಕಾಗಿತ್ತು. 1432ರಲ್ಲಿ ನಿಲ್ಲಿಸಿದ ಆ ಮೂರ್ತಿಯ ಎತ್ತರ 42 ಅಡಿ. ಬೆಟ್ಟ ಹತ್ತಿದವನಿಗೆ ಮೈಮರೆತು ಹೋಯಿತು. ಮುಂದೆ ನಿಂತು, ಎರಡು ಹೆಜ್ಜೆ ಬಲಕ್ಕೆ ಸರಿದು, ಎರಡು ಹೆಜ್ಜೆ ಎಡಕ್ಕೆ ಸರಿದು ಇಡೀ ಒಂದು ಟೇಪು ತುಂಬಿಸಿಕೊಂಡು ಬಂದೆ. ಸಂಕಲನಕಾರರು ಹಿರಿಯರು. ಹತ್ತು ನಿಮಿಷ ನೋಡಿ ಯಂತ್ರ ನಿಲ್ಲಿಸಿ ಹೇಳಿದರು: “ಸಾರ್, ಇದರಲ್ಲಿ ಒಂದೇ ಶಾಟ್ ಇದೆ.”

ಆಮೇಲೆ ಅವರೇ ವಿವರಿಸಿದರು. ಒಂದೇ ವಸ್ತುವಿನ, ಹೆಚ್ಚುಕಡಿಮೆ ಒಂದೇ ಕೋನದ ಎರಡು ದೃಶ್ಯಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಪರದೆಯ ಮೇಲೆ ಚಿತ್ರ ಕುಪ್ಪಳಿಸಿದಂತೆ ಕಾಣುತ್ತದೆ. ನೋಡುವವನಿಗೆ ಅದು ಎರಡನೆಯ ದೃಶ್ಯ ಎನ್ನಿಸುವುದಿಲ್ಲ, ಮೊದಲನೆಯದರಲ್ಲೇ ಏನೋ ದೋಷ ಎನ್ನಿಸುತ್ತದೆ. ಅದಕ್ಕಾಗಿ ಚಲನಚಿತ್ರದವರು ಒಂದು ರೂಢಿ ಇಟ್ಟುಕೊಂಡಿದ್ದಾರೆ: ಒಂದು ದೃಶ್ಯದಿಂದ ಮುಂದಿನದಕ್ಕೆ ಕ್ಯಾಮೆರಾದ ಕೋನ ಕನಿಷ್ಠ ಮೂವತ್ತು ಡಿಗ್ರಿ ಬದಲಾಗಬೇಕು. ಆದರೆ ಅವರು ಇನ್ನೊಂದು ಮಾತು ಹೇಳಿದರು. ಅದು ನನಗೆ ಮೂವತ್ತು ಡಿಗ್ರಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಪ್ರತಿ ದೃಶ್ಯವೂ ಹಿಂದಿನದು ಹೇಳದ ಏನನ್ನಾದರೂ ಹೇಳಬೇಕು. ದೂರದಿಂದ ಬೆಟ್ಟದ ಮೇಲೆ ನಿಂತ ಗೊಮ್ಮಟ ಒಂದು ಮಾತು. ಮೈಗೆ ಹಬ್ಬಿದ ಬಳ್ಳಿಯ ಕೆತ್ತನೆ ಇನ್ನೊಂದು ಮಾತು. ಪಾದದ ಬಳಿ ನಿಂತು ಕತ್ತೆತ್ತಿ ನೋಡುವ ಮನುಷ್ಯ ಮೂರನೆಯದು. 42 ಅಡಿ ಎಂದರೇನೆಂದು ತಿಳಿಯುವುದು ಅವನಿಂದಲೇ.

ನನ್ನ ಸೋದರಳಿಯನಿಗೆ ಹೇಳಿದ್ದು ಇದನ್ನೇ. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಕೇಳಿಕೊ: ಇದನ್ನು ಕೊಳ್ಳುವವನೂ ಅದನ್ನು ಕೊಳ್ಳುವವನೂ ಬೇರೆ ಬೇರೆಯವರೇ? ಹೌದಾದರೆ ಎರಡನ್ನೂ ಕಳುಹಿಸು. ಇಬ್ಬರೂ ಒಬ್ಬನೇ ಆದರೆ ಅವನ ಪರವಾಗಿ ನೀನೇ ಒಂದನ್ನು ಆರಿಸು. ತೆಗೆದವನ ಶ್ರಮ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಒಂದು ಚಿತ್ರಕ್ಕಾಗಿ ಕೆಸರಿನಲ್ಲಿ ಅರ್ಧ ಗಂಟೆ ಮಲಗಿದ್ದೆ, ಸೊಳ್ಳೆ ಕಚ್ಚಿತು, ಎನ್ನುವುದು ಚಿತ್ರದಲ್ಲಿ ಕಾಣುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದು ಕಷ್ಟ. ನನಗೆ ಈಗಲೂ ಕಷ್ಟ.

ಆ ದೃಷ್ಟಿಯಿಂದ ಅಕ್ಕನ ಹಿತ್ತಿಲನ್ನು ಮತ್ತೊಮ್ಮೆ ನೋಡಿದೆವು. ಅರವತ್ತು ಚಿತ್ರಗಳಲ್ಲಿ ರೆಕ್ಕೆ ಪೂರ್ತಿ ಬಿಚ್ಚಿದ ಒಂದೇ ಒಂದು ಸಾಕು. ರೆಕ್ಕೆಯ ಕೆಳಭಾಗದಲ್ಲಿ, ಬುಡದ ಹತ್ತಿರ ಕೆಂಪು ಗುರುತುಗಳಿರುತ್ತವೆ. ಅವು ಕಾಣುವಂಥದ್ದು ಚಿಟ್ಟೆಗಳ ಕೈಪಿಡಿ ಮಾಡುವವರಿಗೆ ಬೇಕು. ಚಿಟ್ಟೆ ಒಂದು ಬದಿಯಲ್ಲಿದ್ದು ಇನ್ನೊಂದು ಬದಿ ಮಸುಕಾದ ಹಸಿರಿನಿಂದ ಖಾಲಿಯಾಗಿರುವ ಅಡ್ಡ ಚಿತ್ರ ಇನ್ನೊಬ್ಬನಿಗೆ ಬೇಕು, ಅಲ್ಲಿ ಅವನು ಅಕ್ಷರಗಳನ್ನು ಮುದ್ರಿಸುತ್ತಾನೆ. ಖಾಲಿ ಜಾಗದ ಬೆಲೆ ಹೊಸಬರಿಗೆ ತಿಳಿಯುವುದಿಲ್ಲ. ಚಾರ್ಲ್ಸ್ ಓರಿಯರ್ ಎಂಬವರು 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ಒಂದು ಹಸಿರು ದಿಬ್ಬದ ಚಿತ್ರ ಮುಂದೆ ವಿಂಡೋಸ್ ಎಕ್ಸ್‌ಪಿ ಗಣಕಯಂತ್ರಗಳ ಪರದೆಯ ಮೇಲೆ ಜಗತ್ತಿನ ಉದ್ದಗಲಕ್ಕೂ ಕಂಡಿತು. ಮೈಕ್ರೋಸಾಫ್ಟ್‌ನವರು ಅದನ್ನು ಆರಿಸಿದ್ದು ಒಂದು ಚಿತ್ರಭಂಡಾರದಿಂದಲೇ. ಆ ಚಿತ್ರದಲ್ಲಿ ಏನಿದೆ? ಹುಲ್ಲು, ಆಕಾಶ, ನಾಲ್ಕು ಮೋಡ. ಉಳಿದದ್ದೆಲ್ಲ ಜಾಗ.

ಆಮೇಲೆ ಕರಿಬೇವಿನ ಗಿಡದ ಕಡೆ ತಿರುಗಿದೆವು. ಕಾಮನ್ ಮಾರ್ಮನ್ ಎಂಬ ಇನ್ನೊಂದು ಚಿಟ್ಟೆ ಕರಿಬೇವು, ನಿಂಬೆ ಗಿಡಗಳ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹೊರಬಂದ ಎಳೆಯ ಮರಿಹುಳು ನೋಡಲು ಹಕ್ಕಿಯ ಹಿಕ್ಕೆಯಂತಿರುತ್ತದೆ. ಹಕ್ಕಿಗೆ ಅದನ್ನು ತಿನ್ನುವ ಮನಸ್ಸಾಗುವುದಿಲ್ಲ. ಬೆಳೆದ ಮೇಲೆ ಅದೇ ಹುಳು ಎಲೆಯಂತೆ ಹಸಿರಾಗುತ್ತದೆ. ಅದೇ ಗಿಡ, ಅದೇ ಕೊಂಬೆ, ಅದೇ ಹುಳು. ಆದರೆ ಕೆಲವು ದಿನಗಳ ಅಂತರದಲ್ಲಿ ತೆಗೆದ ಈ ಎರಡು ಚಿತ್ರಗಳನ್ನು ಪುನರಾವರ್ತನೆ ಎನ್ನಲಾಗದು. ಒಂದು ಬೆಳಿಗ್ಗೆ ನಲವತ್ತು ನಿಮಿಷ ನಿಲ್ಲುವುದಕ್ಕೂ, ನಲವತ್ತು ದಿನ ದಿನಕ್ಕೊಂದು ನಿಮಿಷ ನಿಲ್ಲುವುದಕ್ಕೂ ಒಟ್ಟು ಹೊತ್ತು ಒಂದೇ. ಎರಡನೆಯದರಲ್ಲಿ ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಲ್ಲವೂ ಸಿಗುತ್ತದೆ.

ಇಲ್ಲಿ ಒಂದು ವಿಚಿತ್ರವನ್ನೂ ಹೇಳಬೇಕು. ಕಾಮನ್ ರೋಸ್ ಎಂಬ ಚಿಟ್ಟೆಯ ಮರಿಹುಳು ಈಶ್ವರ ಬಳ್ಳಿಯ ಎಲೆ ತಿಂದು ಅದರ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುತ್ತದೆ. ಆದ್ದರಿಂದ ಹಕ್ಕಿಗಳು ಈ ಚಿಟ್ಟೆಯನ್ನು ಮುಟ್ಟುವುದಿಲ್ಲ. ಕಾಮನ್ ಮಾರ್ಮನ್‌ನ ಹೆಣ್ಣುಗಳಲ್ಲಿ ಕೆಲವು, ವಿಷವಿಲ್ಲದಿದ್ದರೂ, ರೆಕ್ಕೆಯ ವೇಷದಲ್ಲಿ ಥೇಟ್ ಕಾಮನ್ ರೋಸ್‌ನಂತೆಯೇ ಇರುತ್ತವೆ. ಎರಡರ ಚಿತ್ರವನ್ನು ಪಕ್ಕಪಕ್ಕ ಇಟ್ಟರೆ ನಮ್ಮ ಅರವತ್ತನಾಲ್ಕು ಅಂಕೆಯ ಲೆಕ್ಕ ಎರಡೂ ಒಂದೇ ಎನ್ನಬಹುದು. ಹಕ್ಕಿಯೂ ಹಾಗೆಯೇ ಎನ್ನುತ್ತದೆ. ಮೈ ನೋಡಬೇಕು. ರೋಸ್‌ನ ಮೈ ಕೆಂಪು, ಮಾರ್ಮನ್‌ನ ಮೈ ಕಪ್ಪು. ಜೀವಶಾಸ್ತ್ರದ ಪಠ್ಯಪುಸ್ತಕ ಮಾಡುವವನಿಗೆ ಈ ಜೋಡಿ ಬೇಕೇ ಬೇಕು. ಒಂದನ್ನೊಂದು ಹೋಲುವುದೇ ಇಲ್ಲಿ ವಿಷಯ. ಆದರೆ ಅದು ಅವನಿಗೆ ತಿಳಿಯುವುದು ಚಿತ್ರದ ಕೆಳಗೆ ನೀವು ಬರೆದ ಸಾಲಿನಿಂದ. ಎರಡಕ್ಕೂ ‘ಸುಂದರ ಚಿಟ್ಟೆ’ ಎಂದು ಬರೆದಿದ್ದರೆ ಎರಡೂ ಒಂದೇ. ವೈಜ್ಞಾನಿಕ ಹೆಸರು, ಗಂಡೋ ಹೆಣ್ಣೋ, ಯಾವ ಗಿಡ, ಯಾವ ಊರು, ಯಾವ ತಿಂಗಳು ಎಂದು ಬರೆದರೆ ಚಿತ್ರಕ್ಕೆ ಗುರುತು ಬರುತ್ತದೆ. ಅರವತ್ತು ಚಿತ್ರಗಳಿಗೆ ಒಂದೇ ಶೀರ್ಷಿಕೆಯನ್ನು ನಕಲು ಮಾಡಿ ಅಂಟಿಸಿದ್ದೂ ನಮ್ಮ ಹುಡುಗನ ತಪ್ಪುಗಳಲ್ಲಿ ಒಂದಾಗಿತ್ತು. ತಪ್ಪು ಹೆಸರು ಬರೆಯುವುದು ಇನ್ನೂ ಅಪಾಯ. ಸಂಶಯವಿದ್ದರೆ ತಿಳಿದವರನ್ನು ಕೇಳಿ.

ಹೋಲಿಕೆಯ ದೂರಿಗೆ ಇನ್ನೊಂದು ಮುಖವಿದೆ. ನಿಮ್ಮದೇ ಚಿತ್ರವನ್ನು ಹೋಲದಿದ್ದರೂ, ಭಂಡಾರದಲ್ಲಿ ಈಗಾಗಲೇ ಇರುವ ಸಾವಿರಾರು ಚಿತ್ರಗಳನ್ನು ಹೋಲಿದರೆ ಕೂಡ ಬೇಡವೆನ್ನುವ ಸಂಸ್ಥೆಗಳಿವೆ. ಕೆಂಪು ಗುಲಾಬಿ, ಸೂರ್ಯಾಸ್ತ, ಬೆಕ್ಕಿನ ಮರಿ ಇವುಗಳಿಗೆ ಈ ಗತಿ. ಇದಕ್ಕೆ ಆಯ್ಕೆ ಮಾತ್ರ ಸಾಲದು, ವಸ್ತುವನ್ನೇ ಬದಲಿಸಬೇಕು. ನನ್ನ ಅಭಿಪ್ರಾಯದಲ್ಲಿ ನಮ್ಮ ಊರುಗಳ ಮಕ್ಕಳಿಗೆ ಇಲ್ಲಿ ಅನುಕೂಲವೇ ಹೆಚ್ಚು. ಅಂಗಳದಲ್ಲಿ ಹರಡಿದ ಅಡಿಕೆ ವಾರಗಟ್ಟಲೆ ಬಿಸಿಲು ಕುಡಿದು ಕಿತ್ತಳೆ ಬಣ್ಣದಿಂದ ಬೂದು ಬಣ್ಣಕ್ಕೆ ತಿರುಗುವುದು, ಸುಲಿಯುವ ಕೈ, ಮಳೆಗಾಲಕ್ಕೆ ಮುನ್ನ ಹೊದಿಸುವ ಸೋಗೆ, ಗದ್ದೆಯ ಕೆಸರು. ಇವು ನಮಗೆ ದಿನನಿತ್ಯದ ನೋಟ. ಬೇರೆ ದೇಶದ ಛಾಯಾಗ್ರಾಹಕ ವಿಮಾನ ಹತ್ತಿ ಬರಬೇಕು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎಂಬ ಪ್ರತೀತಿಯಿದೆ. 1430ರಲ್ಲಿ ಕಟ್ಟಿದ ಆ ಬಸದಿಯ ಶಿಲ್ಪಿಗಳು ಪುನರಾವರ್ತನೆಯ ಸಮಸ್ಯೆಯನ್ನು ನಮಗಿಂತ ಮೊದಲೇ ಬಗೆಹರಿಸಿದ್ದರೆನ್ನಬೇಕು! ಆದರೆ ಬಸದಿ, ದೇವಸ್ಥಾನ, ಖಾಸಗಿ ಉದ್ಯಾನ ಇವುಗಳಲ್ಲಿ ಮಾರಾಟಕ್ಕಾಗಿ ಚಿತ್ರ ತೆಗೆಯುವ ಮುನ್ನ ಸಂಬಂಧಪಟ್ಟವರ ಅನುಮತಿ ಕೇಳಲೇಬೇಕು. ಗುರುತು ಸಿಗುವ ಮುಖವಿದ್ದರೆ ಆ ವ್ಯಕ್ತಿಯ ಒಪ್ಪಿಗೆ ಬರವಣಿಗೆಯಲ್ಲಿರಬೇಕು. ಅದಿಲ್ಲದ ಚಿತ್ರ ಜಾಹೀರಾತಿಗೆ ಸಲ್ಲುವುದಿಲ್ಲ. ಸುದ್ದಿ ಮತ್ತು ಲೇಖನಗಳಿಗೆ ಮಾತ್ರವೆಂದು ಬೇರೆ ವಿಭಾಗದಲ್ಲಿ ಕೊಡಬೇಕಾಗುತ್ತದೆ.

ಆರಿಸುವ ಕೆಲಸದ ಬಗ್ಗೆ ಒಂದೆರಡು ಮಾತು. ತೆಗೆದ ದಿನವೇ ಆರಿಸಬೇಡಿ. ಅಂದು ನಿಮಗೆ ಎಲ್ಲವೂ ಪ್ರಿಯ. ಎರಡು ದಿನ ಬಿಟ್ಟು, ಚಿತ್ರಗಳನ್ನು ಅಂಚೆಚೀಟಿಯಷ್ಟು ಸಣ್ಣದಾಗಿ ಒಂದೇ ಪರದೆಯ ಮೇಲೆ ಹರಡಿ ನೋಡಿ. ಕೊಳ್ಳುವವನಿಗೆ ಮೊದಲು ಕಾಣುವುದು ಹಾಗೆಯೇ. ಆ ಗಾತ್ರದಲ್ಲಿ ಬೇರೆಯಾಗಿ ಕಾಣದ ಎರಡು ಚಿತ್ರಗಳು ದೊಡ್ಡದಾದರೂ ಬೇರೆಯಲ್ಲ. ಸಾಧ್ಯವಾದರೆ ಛಾಯಾಗ್ರಹಣದಲ್ಲಿ ಆಸಕ್ತಿಯೇ ಇಲ್ಲದ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಮ್ಮ ಅಕ್ಕ ಅರವತ್ತನ್ನೂ ನೋಡಿ, “ಇದೆಲ್ಲ ಒಂದೇ ಅಲ್ವಾ ಮಗಾ?” ಎಂದು ಮೊದಲ ದಿನವೇ ಕೇಳಿದ್ದಳಂತೆ. ಯಾರೂ ಕಿವಿಗೊಟ್ಟಿರಲಿಲ್ಲ. ಉಳಿದ ಚಿತ್ರಗಳನ್ನು ಅಳಿಸಿಹಾಕಬೇಕೆಂದು ನಾನು ಹೇಳುವುದಿಲ್ಲ; ರೆಕ್ಕೆಯ ಚಲನೆ ಅಭ್ಯಾಸ ಮಾಡುವುದಕ್ಕೆ ಅವು ಬೇಕಾಗಬಹುದು. ಕಳುಹಿಸುವುದು ಬೇಡ, ಅಷ್ಟೇ.

ಅದೇ ಚಿತ್ರವನ್ನು ಎರಡು ಬೇರೆ ಬೇರೆ ಭಂಡಾರಗಳಿಗೆ ಕೊಡಬಹುದೇ ಎಂಬ ಪ್ರಶ್ನೆಯೂ ಏಳುತ್ತದೆ. ‘ನಿಮಗೆ ಮಾತ್ರ’ ಎಂದು ಒಪ್ಪಂದ ಮಾಡಿಕೊಂಡಿರದಿದ್ದರೆ ಕೊಡಬಹುದು. ಅದು ಪುನರಾವರ್ತನೆಯ ದೋಷವಾಗುವುದಿಲ್ಲ. ಒಪ್ಪಂದವನ್ನು ಪೂರ್ತಿ ಓದಿ. ಶಾಲೆಯ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು: ಶಟರ್‌ಸ್ಟಾಕ್, ಅಡೋಬಿ ಮುಂತಾದ ಪ್ರಮುಖ ಭಂಡಾರಗಳಲ್ಲಿ ಖಾತೆ ತೆರೆಯಲು ಹದಿನೆಂಟು ವರ್ಷ ತುಂಬಿರಬೇಕು. ವಯಸ್ಸನ್ನು ಸುಳ್ಳು ಬರೆದು ಸೇರಬೇಡಿ, ಹಣ ಪಡೆಯುವಾಗ ಗುರುತಿನ ದಾಖಲೆ ಕೇಳುತ್ತಾರೆ. ಅಲ್ಲಿಯವರೆಗೆ ತೆಗೆಯಿರಿ, ಹೆಸರು ಬರೆದಿಡಿ, ಆರಿಸುವುದನ್ನು ಅಭ್ಯಾಸ ಮಾಡಿ. ಗಳಿಕೆಯ ಬಗ್ಗೆಯೂ ಭ್ರಮೆ ಬೇಡ. ಒಂದು ಸಲ ಚಿತ್ರ ಮಾರಾಟವಾದರೆ ಅನೇಕ ವೇಳೆ ಸಿಗುವುದು ಡಾಲರಿನ ಒಂದು ಭಾಗ ಮಾತ್ರ.

ಹುಡುಗ ಎರಡನೆಯ ಸಲ ಕಳುಹಿಸಿದ್ದು ಏಳು ಚಿತ್ರ. ಐದು ಸ್ವೀಕೃತವಾದವು. ತಿರಸ್ಕೃತವಾದ ಎರಡರಲ್ಲಿ ಒಂದು ನಾನು ಬಹಳ ಮೆಚ್ಚಿಕೊಂಡಿದ್ದ ಚಿತ್ರ. ಅದರ ಬಗ್ಗೆ ಅವನು ನನ್ನನ್ನು ಈಗಲೂ ಕೆಣಕುತ್ತಾನೆ. ಎರಡು ತಿಂಗಳ ಮೇಲೆ ಮೊದಲ ಮಾರಾಟವಾಯಿತು. ಬ್ಲೂ ಮಾರ್ಮನ್ ಅಲ್ಲ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕುಳಿತಿದ್ದ ಆ ಎಳೆಯ ಮರಿಹುಳು. ಅಕ್ಕನಿಗೆ ಇದನ್ನು ಹೇಳಿದಾಗ ಅವಳಿಗೆ ಬೇಸರವಾದದ್ದು ಬೇರೆ ವಿಷಯಕ್ಕೆ: ಈ ಚಿತ್ರಕ್ಕೋಸ್ಕರ ಆ ಗಿಡದ ಒಂದು ಎಲೆಯನ್ನೂ ಮೂರು ವಾರ ಅವಳು ಕೊಯ್ಯುವಂತಿರಲಿಲ್ಲ. ಒಗ್ಗರಣೆಗೆ ಪಕ್ಕದ ಮನೆಯಿಂದ ಕರಿಬೇವು ತರಬೇಕಾಗಿತ್ತು.